ಒಂಬತ್ತನೆಯ ಶುಕ್ರವಾರ

ಗುರುವಾರ ಸಂಜೆ ಒರತೆಯ ಹತ್ತಿರ ಲಿಯೊಂಟೀನಾ ಬಾಯಿ ಬಿಡದೆ ನೀರು ತುಂಬಿಕೊಂಡು ಬಂದಿದ್ದರೆ ಇದೊಂದೂ ಆಗುತ್ತಿರಲಿಲ್ಲ. ಆದರೆ ಎಂಟು ತಿಂಗಳಿಂದ ಹೊಟ್ಟೆಯಲ್ಲಿಟ್ಟುಕೊಂಡ ಮಾತು. ಕೊಡ ತುಂಬುವಷ್ಟರಲ್ಲಿ ಅದೂ ತುಂಬಿ ಹೊರಗೆ ಚೆಲ್ಲಿತು.

"ನಾಳೆ ನಂದು ಒಂಬತ್ತನೇ ಶುಕ್ರವಾರ, ಅಕ್ಕಾ."

ತಲೆಯ ಮೇಲಿನ ಸಿಂಬಿ ಸರಿಮಾಡುತ್ತಿದ್ದ ಸ್ಕೊಲಾಸ್ತಿಕಾ ಕೈ ನಿಲ್ಲಿಸಿದಳು. ಆಕೆ ಸಂತ ಮೋನಿಕಾ ಜುಮುಯಾದ ಅಧ್ಯಕ್ಷೆ. ಜುಮುಯಾ ಎಂದರೆ ಇಗರ್ಜಿಗೆ ಸೇರಿದ ಹನ್ನೆರಡು ಮನೆಗಳ ಕೂಟ. ಒಟ್ಟಿಗೆ ಜಪಸರ ಹೇಳುತ್ತಾರೆ, ಒಟ್ಟಿಗೆ ಹೆಣ ಹೂಳುತ್ತಾರೆ, ಒಬ್ಬರ ಮನೆಯ ವಿಷಯವನ್ನು ಆ ಮನೆಯವರಿಗಿಂತ ಮೊದಲು ಉಳಿದ ಹನ್ನೊಂದು ಮನೆಯವರು ತಿಳಿದುಕೊಂಡಿರುತ್ತಾರೆ.

"ಹೌದೇನೇ?" ಎಂದಳು ಸ್ಕೊಲಾಸ್ತಿಕಾ. ಆಮೇಲೆ ಮನೆ ತಲುಪುವವರೆಗೆ ಒಂದು ಮಾತೂ ಆಡಲಿಲ್ಲ. ಸ್ಕೊಲಾಸ್ತಿಕಾ ಸುಮ್ಮನಿದ್ದಾಳೆಂದರೆ ಆಗಲೇ ಲಿಯೊಂಟೀನಾ ಹೆದರಬೇಕಿತ್ತು.

ತಿಂಗಳ ಮೊದಲ ಶುಕ್ರವಾರ ಪೂಜೆಗೆ ಹೋಗಿ ಪರಮಪ್ರಸಾದ ತೆಗೆದುಕೊಳ್ಳಬೇಕು. ಹಾಗೆ ಒಂಬತ್ತು ತಿಂಗಳು, ನಡುವೆ ಒಂದೂ ತಪ್ಪಬಾರದು. ಪೂರೈಸಿದವರು ಕೊನೆಗಾಲದಲ್ಲಿ ಪಾದ್ರಿಯಿಲ್ಲದೆ, ಪ್ರಸಾದವಿಲ್ಲದೆ ಸಾಯುವುದಿಲ್ಲ. ಯೇಸುವಿನ ಹೃದಯವೇ ಹಾಗೆಂದು ಮಾತು ಕೊಟ್ಟಿದೆಯಂತೆ. ಒಂದು ತಪ್ಪಿದರೆ ಮಾತ್ರ ಮತ್ತೆ ಒಂದರಿಂದ.

ಲಿಯೊಂಟೀನಾಳದು ಇದು ನಾಲ್ಕನೆಯ ಪ್ರಯತ್ನ. ಮೊದಲ ಸಲ ಐದನೆಯ ಶುಕ್ರವಾರ ಯಾರದೋ ಹೆರಿಗೆಗೆ ಕರೆ ಬಂತು. ಎರಡನೆಯ ಸಲ ಏಳನೆಯದಕ್ಕೆ, ಸಾವಿನ ಮನೆಯಲ್ಲಿ ಅವರೆಕಾಳಿನ ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ನಾಲಿಗೆಗೆ ಹಚ್ಚಿಕೊಂಡಳು. ಅಲ್ಲಿಂದ ಪೂಜೆಗೆ ಓಡಿದರೆ ಪ್ರಸಾದದ ಮುಂಚಿನ ಒಂದು ಗಂಟೆಯ ಉಪವಾಸ ಕೆಟ್ಟಿತ್ತು. ಮೂರನೆಯ ಸಲ ಎಂಟನೆಯದಕ್ಕೆ ಏನಾಯಿತೆಂದು ಅವಳು ಯಾರಿಗೂ ಹೇಳಿಲ್ಲ. ಹೇಳಿದರೆ ಅಳು ಬರುತ್ತದೆ.

ಜುಮುಯಾದಲ್ಲಿ ಯಾರೂ ಬರೆದಿಡದ ಒಂದು ಪಾಲುಪಟ್ಟಿ ಇತ್ತು. ಪ್ರಾರ್ಥನೆ ಉಳಿದವರದು, ಸೇವೆ ಲಿಯೊಂಟೀನಾಳದು. ಪೂಜೆಯಲ್ಲಿ ಫಾದರ್ "ಪ್ರಾರ್ಥಿಸೋಣ" ಎಂದು ಕೈ ಎತ್ತಿದ ಕೂಡಲೇ ಯಾರಾದರೂ ಅಳುವ ಕೂಸನ್ನು ಅವಳ ಮಡಿಲಿಗೆ ಹಾಕುತ್ತಿದ್ದರು. ವಿಧವೆ, ಮಕ್ಕಳಿಲ್ಲ, ಮಡಿಲು ಖಾಲಿ ಇದೆಯಲ್ಲ ಎಂದು.

ಆದರೆ ಅವಳಿಗೆ ಒಂಬತ್ತು ಬೇಕೇ ಬೇಕಿತ್ತು. ಆರು ವರ್ಷದ ಹಿಂದೆ ಅವಳ ತಾಯಿ "ಫಾದರ್‌ನ ಕರೀರಿ, ಫಾದರ್‌ನ ಕರೀರಿ" ಎನ್ನುತ್ತಾ ಸತ್ತಳು. ಕರೆಯಲು ಮನೆಯಲ್ಲಿ ಯಾರೂ ಇರಲಿಲ್ಲ. ಲಿಯೊಂಟೀನಾ ಮೂರು ಗುಡ್ಡದಾಚೆ ಬೇರೆಯವರ ಮನೆಯ ಹೆಣಕ್ಕೆ ಬಂದ ಇನ್ನೂರು ಜನರಿಗೆ ಬಾಳೆಕಾಯಿ ಸುಲಿಯುತ್ತಿದ್ದಳು. ಸಂಜೆ ಬಂದು ನೋಡಿದರೆ ತಾಯಿಯ ಬಾಯಿ ತೆರೆದೇ ಇತ್ತು, ಇನ್ನೂ ಕರೆಯುತ್ತಿರುವ ಹಾಗೆ. ಗಲ್ಲಕ್ಕೆ ಬಟ್ಟೆ ಕಟ್ಟಿದರೂ ಅದು ಪೂರ್ತಿ ಮುಚ್ಚಲಿಲ್ಲ.

ಶುಕ್ರವಾರ ಬೆಳಿಗ್ಗೆ ಸರೋವರದ ಕಡೆಯಿಂದ ಬೂದು ಮೋಡ ಎದ್ದಿತ್ತು. ಲಿಯೊಂಟೀನಾ ಏನೂ ತಿನ್ನಲಿಲ್ಲ. ಒಂದು ಗಂಟೆ ಸಾಕು ಎಂದು ಈಗಿನವರು ಹೇಳುತ್ತಾರೆ. ಆದರೆ ತನ್ನ ನಾಲಿಗೆಯನ್ನು ತಾನೇ ನಂಬದವಳು ಬೆಳಗಿನಿಂದಲೇ ಬಾಯಿ ಕಟ್ಟಿದಳು. ಪೂಜೆ ನಾಲ್ಕಕ್ಕೆ. ಎರಡಕ್ಕೇ ಇಗರ್ಜಿಗೆ ಹೋಗಿ, ಯಾರ ಕೂಸೂ ಇಲ್ಲದ ಮಡಿಲಿನಲ್ಲಿ ಕೈಜೋಡಿಸಿ, ಎರಡು ಗಂಟೆ ದೇವರ ಮುಂದೆ ಕೂರಬೇಕು ಎಂದು ಲೆಕ್ಕ ಹಾಕಿದಳು. ಒಳ್ಳೆಯ ಬಟ್ಟೆ ತೆಗೆದು ಮಂಚದ ಮೇಲೆ ಹರಡಿದಳು. ಅಷ್ಟರಲ್ಲಿ ಸ್ಕೊಲಾಸ್ತಿಕಾ ಬಾಗಿಲಲ್ಲಿ ನಿಂತಿದ್ದಳು.

"ಕೊಕುಶುಬಿರಾ ಅಜ್ಜಿಗೆ ಕಾಯಿಲೆ ಜೋರಾಗಿದೆ ಕಣೇ. ಹೋಗಿ ಪಕ್ಕದಲ್ಲಿ ಕೂತ್ಕೋ."

"ಇವತ್ತು ಬೇರೆ ಯಾರಾದ್ರೂ..."

"ಬೇರೆ ಯಾರಿದ್ದಾರೆ ಹೇಳು? ಎಲ್ಲರಿಗೂ ಕೆಲಸ ಇದೆ."

ತನಗೂ ಇದೆ ಎಂದು ಹೇಳಲು ಲಿಯೊಂಟೀನಾ ಬಾಯಿ ತೆರೆದಳು. "ಆಗ್ಲಿ ಅಕ್ಕಾ" ಎಂಬುದು ಹೊರಗೆ ಬಂತು. ಅವಳ ಬಾಯಿ ಹಳೆಯ ಎತ್ತಿನ ಹಾಗೆ, ಎತ್ತ ತಿರುಗಿಸಿದರೂ ಅಭ್ಯಾಸದ ದಾರಿಗೇ ಹೋಗುತ್ತಿತ್ತು.

ಅಜ್ಜಿಯ ಮನೆ ಗುಡ್ಡದಾಚೆ. ಏದುಸಿರು ಬಿಡುತ್ತಾ ಹೋಗಿ ನೋಡಿದರೆ ಅಜ್ಜಿ ಜಗುಲಿಯ ಮೇಲೆ ಕಾಲು ಚಾಚಿ ಕೂತು ಬೇಯಿಸಿದ ಕಾಫಿಬೀಜ ಅಗಿಯುತ್ತಿದ್ದಳು.

"ಅಜ್ಜಿ, ನಿಮಗೆ ಜೋರಾಗಿದೆ ಅಂದ್ರು?"

"ಯಾರಿಗೆ? ನನಗಾ?" ಅಜ್ಜಿ ಅಗಿಯುವುದನ್ನು ನಿಲ್ಲಿಸಿ ಒಂದು ಗಳಿಗೆ ಯೋಚಿಸಿದಳು. "ಹೌದು ಹೌದು. ಜೋರಾಗಿದೆ. ಮರ್ತೇ ಹೋಗಿತ್ತು ನೋಡು." ಎದ್ದು ಒಳಗೆ ಹೋಗಿ ಚಾಪೆಯ ಮೇಲೆ ಮಲಗಿ ನರಳಲು ಶುರುಮಾಡಿದಳು. ಹೊಸದಾಗಿ ಕೊಳಲು ಕಲಿಯುವವನಂತೆ ಆ ನರಳಾಟ ಒಮ್ಮೆ ಮೇಲೆ ಹೋಗುತ್ತಿತ್ತು, ಒಮ್ಮೆ ನಡುವೆ ನಿಂತೇ ಬಿಡುತ್ತಿತ್ತು.

"ಎಲ್ಲಿ ನೋವು ಅಜ್ಜಿ?"

"ಎಲ್ಲಿ ಅಂತ ಅವಳು ಹೇಳಿಲ್ಲ... ಅಂದ್ರೆ, ಎಲ್ಲಾ ಕಡೆ."

ಲಿಯೊಂಟೀನಾ ಬೆನ್ನು ಉಜ್ಜಿದಳು, ಕಾಲು ಒತ್ತಿದಳು, ಒಲೆಯ ಮೇಲೆ ನೀರಿನ ಮಡಕೆ ಇಟ್ಟಳು, ಹುಲ್ಲು ಹಾಸಿದ ನೆಲ ಗುಡಿಸಿದಳು. ಮುದುಕಿಗೆ ಮರೆವು ಬಂದಿದೆ, ಪಾಪ ಎಂದುಕೊಂಡಳು. ಏಳಲು ಹೋದಾಗಲೆಲ್ಲ ನರಳಾಟ ಏರುತ್ತಿತ್ತು. ನೆರಳು ನೋಡಿದರೆ ಹನ್ನೊಂದು ದಾಟಿತ್ತು. ಕೊನೆಗೆ ಅಜ್ಜಿ ನಿಜವಾಗಿಯೂ ನಿದ್ದೆಹೋಗಿ ಗೊರಕೆ ಹೊಡೆದ ಮೇಲೆ ಬೆಕ್ಕಿನ ಹೆಜ್ಜೆ ಇಟ್ಟು ಹೊರಬಂದಳು.

ದಾರಿಯಲ್ಲಿ ಉಪದೇಶಿ ನೊವಾತುಸ್ ಎದುರಾದ. ಫಾದರ್ ಇಲ್ಲದ ದಿನಗಳಲ್ಲಿ ಇಗರ್ಜಿ ನೋಡಿಕೊಳ್ಳುವವನು, ಊರಿನ ಎಲ್ಲರಿಗೂ ಮೇಷ್ಟ್ರು. ಬಗಲಲ್ಲಿ ಪೀಠದ ಬಿಳಿ ವಸ್ತ್ರ ಸುತ್ತಿಕೊಂಡಿದ್ದ.

"ಇದು ಕೊಳೆಯಾಗಿದೆ, ಲಿಯೊಂಟೀನಾ. ತೊರೆಗೆ ತಗೊಂಡೋಗಿ ಒಗೆದು ತಾ." ಹಾಗೆ ಹೇಳಿ ಶಿಲುಬೆ ಗುರುತು ಮಾಡಿಕೊಂಡ.

ಅವಳು ಬಿಚ್ಚಿ ನೋಡಿದಳು. "ಮೇಷ್ಟ್ರೇ, ಶನಿವಾರ ನಾನೇ ಒಗೆದದ್ದು. ಕಲೆ ಎಲ್ಲಿದೆ?"

"ಇದೆ. ಕಣ್ಣಿಗೆ ಕಾಣಲ್ಲ." ಮತ್ತೆ ಶಿಲುಬೆ ಗುರುತು. "ಒಗೆದ ಮೇಲೆ ಕೆಂಡದ ಇಸ್ತ್ರಿ ಹಾಕು. ಆಮೇಲೆ... ಆಮೇಲೆ ಇನ್ನೊಂದು ಸಲ ಒಗಿ."

"ಇಸ್ತ್ರಿ ಹಾಕಿದ ಮೇಲಾ?"

ನೊವಾತುಸ್ ಮೂರನೆಯ ಸಲ ಶಿಲುಬೆ ಗುರುತು ಮಾಡಿಕೊಂಡು, ಅವಳ ಮುಖ ನೋಡದೆ ಬೇಗಬೇಗ ನಡೆದುಬಿಟ್ಟ. ಮೇಷ್ಟ್ರಿಗೆ ಇತ್ತೀಚೆಗೆ ಭಕ್ತಿ ಹೆಚ್ಚಾಗಿದೆ ಎಂದುಕೊಂಡಳು ಲಿಯೊಂಟೀನಾ. ಅವಳು ಬಿಳಿಯ ಬಟ್ಟೆಯನ್ನು ಬಿಳಿಯಾಗಲು ಒಗೆದಳು. ಹೊಟ್ಟೆ ಹಸಿದು ತೊರೆಯ ನೀರಿನಲ್ಲಿ ತನ್ನ ಮುಖವೇ ಎರಡೆರಡಾಗಿ ಕಾಣಿಸಿತು. ಸರೋವರದ ಮೇಲೆ ನುಸಿಗಳ ಹಿಂಡು ಹೊಗೆಯ ಕಂಬದಂತೆ ಎದ್ದು ನಿಂತಿತ್ತು. ಅವುಗಳಿಗೆ ಇರುವುದೇ ಒಂದು ದಿನದ ಆಯಸ್ಸು, ಆ ಒಂದು ದಿನ ಯಾರೂ ಕೆಲಸ ಹೇಳುವುದಿಲ್ಲ.

ವಸ್ತ್ರ ಮರಳಿಸಲು ಮೇಷ್ಟ್ರ ಮನೆಗೆ ಹೋದಾಗ ಸ್ಕೊಲಾಸ್ತಿಕಾ ಅಲ್ಲೇ ಇದ್ದಳು. ಕೈಗೆಲ್ಲ ಮಸಿ, ತಲೆಯಲ್ಲಿ ಬಾಳೆಯ ನಾರು.

"ಬಂದ್ಯಾ? ಇಷ್ಟು ಬೇಗ?" ಎಂದಳು ಸಿಟ್ಟಿನಿಂದ. ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು ಸೂರು ನೋಡಿದ. "ಹಾಂ, ಕ್ಯಾರೂಜಿ. ನೀನು ಕ್ಯಾರೂಜಿ ಹತ್ರ ಹೋಗು. ಪೂಜೆಗೆ ಬಾ ಅಂತ ಕರಿ. ಅವನು ಒಪ್ಪೋವರೆಗೂ ಅಲ್ಲಿಂದ ಅಲ್ಲಾಡಬೇಡ."

"ಅಕ್ಕಾ, ಅವನು ಹನ್ನೊಂದು ವರ್ಷದಿಂದ ಒಪ್ಪಿಲ್ಲ."

"ಅದಕ್ಕೇ ಬೇಗ ಹೋಗು ಅಂದಿದ್ದು."

ಕ್ಯಾರೂಜಿ ಅವಳ ಬೇಲಿಯಾಚೆಯ ತೋಟದವನು, ಬಾಳೆಹಣ್ಣಿನ ಹೆಂಡ ಮಾಡುವವನು. ಹನ್ನೊಂದು ವರ್ಷದ ಹಿಂದೆ, ಹೆಂಡಕ್ಕೆ ಹಣ್ಣು ತುಳಿಯುವ ಮರದ ದೋಣಿಯ ವಿಷಯಕ್ಕೆ ಮೇಷ್ಟ್ರ ಜೊತೆ ಜಗಳವಾಡಿ, ಇನ್ನು ಆ ಇಗರ್ಜಿಯ ಹೊಸ್ತಿಲು ತುಳಿದರೆ ತನ್ನ ಕಾಲು ಕೊಳೆಯಲಿ ಎಂದು ಆಣೆ ಹಾಕಿದ್ದ. ಅವನ ಹೆಂಡದ ದೋಣಿ ಇದ್ದದ್ದು ಕೆಳಗಿನ ಕಣಿವೆಯಲ್ಲಿ. ಅಲ್ಲಿ ಅವನು ಹಣ್ಣು ತುಳಿಯುತ್ತಿದ್ದ.

"ಬಾ ತಾಯಿ ಬಾ. ಯಾರು ಸತ್ರು?"

"ಯಾರೂ ಸತ್ತಿಲ್ಲ."

"ನೀನು ಬಂದಿದೀಯಲ್ಲ, ಅದಕ್ಕೆ ಕೇಳ್ದೆ. ಒಂದು ಬುರುಡೆ ಹೆಂಡ ಕುಡೀತೀಯಾ?"

"ಇವತ್ತು ಉಪವಾಸ. ಪೂಜೆಗೆ ಬಾ ಅಂತ ಕರೆಯೋಕೆ ಬಂದೆ."

ಕ್ಯಾರೂಜಿ ತುಳಿಯುತ್ತಲೇ ನಕ್ಕ. "ಆಣೆ ಹಾಕಿದೀನಿ ಕಣಮ್ಮ. ಕಾಲು ಕೊಳೆತ್ರೆ ಹಣ್ಣು ಯಾರು ತುಳೀತಾರೆ? ನೀನು ತುಳೀತೀಯಾ?" ಆಮೇಲೆ ಅವಳ ಮುಖ ನೋಡಿ, "ತುಳೀತೀಯ ಬಿಡು. ಹೇಳಿದ್ರೆ ತುಳೀತೀಯ," ಎಂದ.

ಆ ಮಾತು ಅವಳಿಗೆ ಎಲ್ಲೋ ಚುಚ್ಚಿತು. ನಿಜವೇ. ಹೇಳಿದ್ದರೆ ಇಷ್ಟು ಹೊತ್ತಿಗೆ ದೋಣಿಯೊಳಗೆ ಇಳಿದಿರುತ್ತಿದ್ದಳು. ಆಕಾಶದಲ್ಲಿ ಸೂರ್ಯ ಮೋಡದ ಹಿಂದೆ ಮಾಸಿದ ತಟ್ಟೆಯಂತೆ ವಾಲುತ್ತಿದ್ದ. ಎರಡು ಗಂಟೆ ಯಾವಾಗಲೋ ಆಗಿಹೋಗಿತ್ತು. ಅವಳು ಕ್ಯಾರೂಜಿ ಒಪ್ಪುವ ಮುಂಚೆಯೇ ಎದ್ದಳು. ಹೇಳಿದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಎದ್ದದ್ದು ಅವಳ ಜನ್ಮದಲ್ಲಿ ಇದೇ ಮೊದಲು. ಬಟ್ಟೆ ಬದಲಿಸಲು ಮನೆಗೂ ಹೋಗಲಿಲ್ಲ. ಮನೆಯ ದಾರಿಯಲ್ಲಿ ಇನ್ನೊಂದು ಕೆಲಸ ಕಾದಿರುತ್ತದೆ ಎಂಬ ಭಯ. ತೋಟಗಳ ಒಳಗಿಂದಲೇ ನುಸುಳಿ ಇಗರ್ಜಿ ಸೇರಿ, ಬಾಗಿಲು ಹಾಕಿ, ಒಳಗಿನಿಂದ ಅಗುಳಿ ಜಡಿದಳು. ಗಂಟೆ ಬಾರಿಸಿದಾಗ ತೆಗೆದರಾಯಿತು.

ಒಳಗೆ ಯಾರೂ ಇರಲಿಲ್ಲ. ಪೀಠದ ಮೇಲೆ ವಸ್ತ್ರ ಕೂಡ ಇರಲಿಲ್ಲ; ಮೇಷ್ಟ್ರು ಆಮೇಲೆ ತರುತ್ತಾರೆ ಎಂದುಕೊಂಡಳು. ಮೊದಲ ಸಾಲಿನಲ್ಲಿ, ಸ್ಕೊಲಾಸ್ತಿಕಾ ಕೂರುವ ಜಾಗದಲ್ಲೇ ಮಂಡಿಯೂರಿದಳು. ಜಪಸರ ಕೈಗೆತ್ತಿಕೊಂಡಳು. ಎಷ್ಟು ನಿಶ್ಶಬ್ದ! ಆ ನಿಶ್ಶಬ್ದದಲ್ಲಿ, ತಾನು ಇಷ್ಟು ವರ್ಷ ದೇವರಿಗೆ ಹೇಳಬೇಕೆಂದುಕೊಂಡಿದ್ದೆಲ್ಲ ಒಂದೊಂದಾಗಿ ನೆನಪಾಗುತ್ತದೆ ಎಂದು ಕಾದಳು. ನೆನಪಾದದ್ದು ಮಾತ್ರ ಅಜ್ಜಿಯ ಒಲೆಯ ಮೇಲೆ ಬಿಟ್ಟು ಬಂದ ಮಡಕೆ. ನಮೋ ಮರಿಯ ಹೇಳಿದರೆ ನಡುವೆ ಕೆಂಡದ ಇಸ್ತ್ರಿ ಬಂತು. ಕಿಟಕಿಯ ಮೂಲೆಯ ಜೇಡರ ಬಲೆ ಕಂಡು ಕೈ ಪೊರಕೆ ಹುಡುಕಿತು. ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಕೂರಿಸಿದಳು.

ದೂರದಲ್ಲಿ ಫಾದರ್ ಅವರ ಮೋಟಾರ್ ಸೈಕಲ್ಲಿನ ಸದ್ದು ಕೇಳಿತು. ಅದು ಇಗರ್ಜಿಯ ಮುಂದೆ ನಿಲ್ಲದೆ ಮುಂದೆ ಹೋಯಿತು. ಫಾದರ್ ಮೊದಲು ಕಾಯಿಲೆಯವರ ಮನೆಗೆ ಹೋಗುವುದು ಇದ್ದದ್ದೇ. ಆಮೇಲೆ ತಡವಾಗುವುದೂ ಇದ್ದದ್ದೇ. ಅವಳು ಎರಡನೆಯ ಸುತ್ತು ಜಪಸರ ಶುರುಮಾಡಿದಳು.

ಸ್ವಲ್ಪ ಹೊತ್ತಿಗೆ ಬಾಗಿಲು ದಡದಡ ಬಡಿಯಿತು.

"ಲಿಯೊಂಟೀನಾ! ಒಳಗಿದೀಯೇನೇ? ಬೇಗ ಬಾರೇ, ಕೆಲಸ ಇದೆ!" ಸ್ಕೊಲಾಸ್ತಿಕಾಳ ದನಿ.

ಲಿಯೊಂಟೀನಾಳ ಕಾಲುಗಳು ತಾವಾಗಿಯೇ ಅರ್ಧ ಎದ್ದಿದ್ದವು. ಬೆಂಚನ್ನು ಗಟ್ಟಿಯಾಗಿ ಹಿಡಿದು ಮತ್ತೆ ಕೆಳಗಿಳಿದಳು.

"ಇಲ್ಲೂ ಇಲ್ಲ. ಮೇಷ್ಟ್ರು ಬೀಗ ಹಾಕ್ಕೊಂಡು ಹೋಗಿರಬೇಕು," ಎಂದು ಗೊಣಗುತ್ತಾ ಹೆಜ್ಜೆಗಳು ದೂರವಾದವು.

ಆಮೇಲೆ ಹೊರಗಿನ ದಾರಿಯಲ್ಲಿ ಮೇಷ್ಟ್ರ ಕೂಗು ಕೇಳಿತು. "ಲಿಯೊಂಟೀನಾ! ದೊಡ್ಡ ಹಂಡೆ ಎತ್ತಬೇಕು, ಕೈ ಸಾಲ್ತಿಲ್ಲ, ಬೇಗ ಬಾ!" ಅವನು ಶಿಲುಬೆ ಗುರುತು ಮಾಡಿಕೊಂಡನೋ ಇಲ್ಲವೋ ಬಾಗಿಲಾಚೆ ಕಾಣಲಿಲ್ಲ. ಲಿಯೊಂಟೀನಾ ಕಣ್ಣು ಮುಚ್ಚಿ, ಹಂಡೆಯನ್ನೂ ಮೇಷ್ಟ್ರನ್ನೂ ಒಟ್ಟಿಗೆ ದೇವರಿಗೆ ಒಪ್ಪಿಸಿದಳು.

ಮೂರನೆಯ ಸಲ ಮತ್ತೆ ಸ್ಕೊಲಾಸ್ತಿಕಾ. ಈ ಸಲ ದನಿಯಲ್ಲಿ ಅಳು ಬೆರೆತಿತ್ತು. "ನಿನ್ನ ದಮ್ಮಯ್ಯ ಅಂತೀನಿ, ಎಲ್ಲಿದ್ರೂ ಬಾರೇ! ತುಂಬಾ ಕೆಲಸ ಇದೆ ಕಣೇ!"

ಮೂರು ಕರೆಗೂ ಅವಳು ಹೋಗಲಿಲ್ಲ. ಹೆಮ್ಮೆಯೂ ಆಯಿತು, ಹೆದರಿಕೆಯೂ ಆಯಿತು. ಆ ಮೇಲೆ ಮನಸ್ಸು ನಿಜವಾಗಿಯೂ ತಿಳಿಯಾಯಿತು. ತಾಯಿಯ ಮುಖ ನೆನಪಾಯಿತು. "ಅವ್ವಾ, ನನಗೆ ಆ ಸಾವು ಬೇಡ," ಎಂದಳು. ಆರು ವರ್ಷದಲ್ಲಿ ಮೊದಲ ಸಲ ಯಾರ ಕೂಸಿನ ಅಳುವೂ ಅಡ್ಡ ಬರದೆ ತಾನೇ ಅತ್ತಳು. ದೂರದಲ್ಲಿ ಹಾಡು ಕೇಳುತ್ತಿತ್ತು. ಗಾಯಕವೃಂದ ಅಭ್ಯಾಸ ಮಾಡುತ್ತಿದೆ, ಫಾದರ್ ಇನ್ನೂ ತಡ, ಒಳ್ಳೆಯದೇ ಆಯಿತು ಎಂದುಕೊಂಡಳು.

ಹಾಡು ನಿಂತಿತು. ಗಂಟೆ ಬಾರಿಸಲಿಲ್ಲ. ಕಿಟಕಿಯ ಬೆಳಕು ಬೂದಿಬಣ್ಣಕ್ಕೆ ತಿರುಗಿದಾಗ ಅವಳು ಅಗುಳಿ ತೆಗೆದು ಹೊರಬಂದಳು. ಅಂಗಳದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಮನೆಯ ದಾರಿಯಲ್ಲಿ ಮೇಕೆಮಾಂಸದ ವಾಸನೆ ಬಂತು. ಹತ್ತಿರ ಹೋದಂತೆ ಅದು ತನ್ನ ಮನೆಯಿಂದಲೇ ಬರುತ್ತಿದೆ ಎಂದು ತಿಳಿಯಿತು. ಅಂಗಳ ಗುಡಿಸಿತ್ತು. ಬಾಗಿಲಿಗೆ ಬಾಳೆಯ ಸುಳಿಯೆಲೆಯ ಕಮಾನು ಕಟ್ಟಿತ್ತು. ತನ್ನ ಊಟದ ಮೇಜಿನ ಮೇಲೆ ತಾನೇ ಒಗೆದ ಬಿಳಿ ವಸ್ತ್ರ, ಅದರ ಮೇಲೆ ಆರಿಸಿದ ಎರಡು ಮೇಣದ ಬತ್ತಿ. ಜುಮುಯಾದ ಹನ್ನೊಂದು ಮನೆಯವರೂ ಊಟ ಮುಗಿಸಿ ಬೆರಳು ನೆಕ್ಕುತ್ತಿದ್ದರು. ಜೋರಾಗಿದ್ದ ಅಜ್ಜಿ ಮೂಳೆ ಚೀಪುತ್ತಿದ್ದಳು. ಫಾದರ್ ಲೌರಿಯಾನ್ ಮೋಟಾರ್ ಸೈಕಲ್ಲಿನ ಹತ್ತಿರ ಗಲ್ಲದ ಕೆಳಗೆ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದರು.

"ಬಂದ್ಲು! ಬಂದ್ಲು!" ಎಂದು ಸ್ಕೊಲಾಸ್ತಿಕಾ ಓಡಿಬಂದು ಅವಳ ಭುಜ ಹಿಡಿದು ಅಲ್ಲಾಡಿಸಿದಳು. "ಎಲ್ಲಿ ಸತ್ತಿದ್ಯೇ? ನಿನ್ನ ಒಂಬತ್ತನೇ ಶುಕ್ರವಾರ ಅಂತ ನಿನ್ನ ಮನೆಯಲ್ಲೇ ಪೂಜೆ ಇಡಿಸಿದ್ವಿ! ಗೊತ್ತಾಗಬಾರದು ಅಂತ ಬೆಳಗಿನಿಂದ ಒಂದಲ್ಲ ಒಂದು ನೆಪ ಹೇಳಿ ನಿನ್ನ ಓಡಾಡಿಸಿದ್ವಿ. ಕೊನೆಗೆ ಕೆಲಸ ಇದೆ ಬಾ ಅಂತ ಊರೆಲ್ಲಾ ಕೂಗಿದ್ರೆ ಆಸಾಮೀನೇ ಇಲ್ಲ!"

"ಕೆಲಸ ಇದೆ ಅಂತಾನಾ..." ಎಂದಳು ಲಿಯೊಂಟೀನಾ ಮೆಲ್ಲಗೆ.

"ಮತ್ತೆ ಇನ್ನೇನು ಅನ್ನಲಿ? ಕೆಲಸ ಇದೆ ಅಂದ್ರೆ ನೀನು ಎಲ್ಲಿದ್ರೂ ಓಡಿಬರ್ತೀಯಲ್ಲ! ಅರ್ಧ ಗಂಟೆ ಕಾದ್ವಿ ಕಣೇ."

ಫಾದರ್ ಹತ್ತಿರ ಬಂದರು. ಅವರ ಕಣ್ಣು ತೇವವಾಗಿತ್ತು. "ನಿನ್ನ ಮೇಲೇ ಪ್ರಸಂಗ ಮಾಡಿದೆ, ಮಗಳೇ. ನೋಡಿ, ತನ್ನ ಮನೆಯ ಪೂಜೆಗೂ ಅವಳಿಗೆ ಬಿಡುವಿಲ್ಲ, ಈ ಹೊತ್ತಿನಲ್ಲೂ ಯಾವುದೋ ರೋಗಿಯ ಪಕ್ಕದಲ್ಲಿ ಇರ್ತಾಳೆ, ಅದೇ ನಿಜವಾದ ಪ್ರಾರ್ಥನೆ ಅಂದೆ. ಎಲ್ಲರೂ ಅತ್ತರು. ಯಾರ ಮನೆಯಲ್ಲಿದ್ದೆ ತಾಯಿ?"

ಎಲ್ಲರೂ ಅವಳ ಕಡೆ ನೋಡಿದರು. ಒಬ್ಬಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಒಬ್ಬರ ಮನೆಯಲ್ಲಿ," ಎಂದಳು ಲಿಯೊಂಟೀನಾ. ಅದು ಸುಳ್ಳಲ್ಲ ಎಂದು ಮನಸ್ಸಿಗೆ ಹೇಳಿಕೊಂಡಳು. "ಫಾದರ್, ಪ್ರಸಾದ?"

ಫಾದರ್ ಮುಖ ಸಣ್ಣದಾಯಿತು. "ಎಣಿಸಿ ತಂದಿದ್ದೆ. ನಿನಗೆ ಅಂತ ಕೊನೆಯದನ್ನ ಎತ್ತಿಟ್ಟಿದ್ದೆ. ಆದರೆ ಪ್ರಸಂಗ ಕೇಳಿ ಬೇಲಿ ಹಾರಿ ಒಬ್ಬ ಬಂದ. ಹನ್ನೊಂದು ವರ್ಷದ ಪಾಪವನ್ನ ಕಾಫಿ ಗಿಡದ ಮರೆಯಲ್ಲಿ ಒಪ್ಪಿಕೊಂಡ. ಬರಿಗೈಯಲ್ಲಿ ಹೇಗೆ ಕಳಿಸಲಿ? ನೀನೇ ಕರೆದಿದ್ದಂತೆ."

ಮೂಲೆಯಲ್ಲಿ ಕ್ಯಾರೂಜಿ ಕೂತಿದ್ದ. ತಲೆ ಬಾಚಿಕೊಂಡಿದ್ದ. ಪಕ್ಕದ ತೋಟದ ಮನೆಯ ಅಂಗಳಕ್ಕೆ ಆಣೆ ಅನ್ವಯಿಸುವುದಿಲ್ಲ ಎಂದು ಅವನು ಆಗಲೇ ಎಲ್ಲರಿಗೂ ವಿವರಿಸಿದ್ದ.

"ಹಾಗಾದ್ರೆ ನನ್ನ ಒಂಬತ್ತು, ಫಾದರ್?"

"ದೇವರಿಗೆ ಎಲ್ಲಾ ಗೊತ್ತು, ಮಗಳೇ. ನೀನು ಎಲ್ಲಿದ್ದೆ, ಏನು ಮಾಡ್ತಿದ್ದೆ, ಅವನು ನೋಡಿದ್ದಾನೆ."

ಲಿಯೊಂಟೀನಾಳಿಗೆ ಇದ್ದ ಭಯವೂ ಅದೇ. ಕರೆದವರಿಗೆ ಓಗೊಡದೆ, ಅಗುಳಿ ಜಡಿದು, ಬೆಂಚು ಹಿಡಿದು ಕೂತದ್ದನ್ನು ಅವನು ಚೆನ್ನಾಗಿಯೇ ನೋಡಿದ್ದ.

"ಫಾದರ್ ಮನಸ್ಸು ದೊಡ್ಡದು. ಆದ್ರೆ ಲೆಕ್ಕ ಲೆಕ್ಕವೇ ಕಣೇ," ಎಂದಳು ಸ್ಕೊಲಾಸ್ತಿಕಾ. "ತಗೊಂಡಿಲ್ಲ ಅಂದ್ರೆ ತಗೊಂಡಿಲ್ಲ. ಮುಂದಿನ ತಿಂಗಳು ಮತ್ತೆ ಒಂದರಿಂದ ಶುರುಮಾಡು. ನೀನು ಏನೂ ಯೋಚನೆ ಮಾಡಬೇಡ, ಇವತ್ತು ಒಂದು ಲೋಟ ಕೂಡ ಮುಟ್ಟಬಾರದು. ಪಾತ್ರೆ ಎಲ್ಲಾ ನಾವೇ ತೊಳೀತೀವಿ."

ಫಾದರ್ ಹೊರಟರು. ಸರೋವರದ ಕಡೆ ಗುಡುಗಿತು. ಒಬ್ಬರಿಗೆ ಒಣಹಾಕಿದ ಬೀಜ ನೆನಪಾಯಿತು, ಒಬ್ಬರಿಗೆ ಹಸು, ಅಜ್ಜಿಗೆ ತನ್ನ ಕಾಯಿಲೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅಂಗಳದಲ್ಲಿ ನಲವತ್ತು ತಟ್ಟೆ, ಎರಡು ಹಂಡೆ, ಮತ್ತೆ ಲಿಯೊಂಟೀನಾ ಉಳಿದರು. ಅವಳ ಪಾಲಿನ ಮಾಂಸವನ್ನು ಬಾಳೆಲೆಯಲ್ಲಿ ಮುಚ್ಚಿಟ್ಟಿದ್ದರು; ನಾಯಿ ಅದನ್ನು ಮೊದಲೇ ಕಂಡುಹಿಡಿದಿತ್ತು.

ಅವಳು ಬೂದಿ ತಂದು ಹಂಡೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಆಗ ಕತ್ತಲಲ್ಲಿ ಯಾರೋ ಕೆಮ್ಮಿದರು. ಕ್ಯಾರೂಜಿ ಹೋಗಿರಲಿಲ್ಲ.

"ತಾಯೀ, ಫಾದರ್ ನನಗೂ ಒಂಬತ್ತು ಶುಕ್ರವಾರ ಮಾಡು ಅಂದ್ರು. ನಾನು ಇಗರ್ಜಿಗೆ ಬರೋಹಾಗಿಲ್ಲ, ಆಣೆ. ಅದಕ್ಕೆ ಇನ್ನು ಎಂಟು ತಿಂಗಳು ಪೂಜೆ ಇಲ್ಲೇ ನಿನ್ನ ಅಂಗಳದಲ್ಲಿ ಅಂತ ತೀರ್ಮಾನ ಆಯ್ತು. ಅಡಿಗೆ, ನೀರು, ಬೆಂಚು ಎಲ್ಲಾ ಲಿಯೊಂಟೀನಾ ನೋಡ್ಕೋತಾಳೆ ಅಂದ್ರು ಸ್ಕೊಲಾಸ್ತಿಕಾ. ನನಗೆ ದಿನ ನೆನಪಿರಲ್ಲ. ಗುರುವಾರ ಸಂಜೆಯಿಂದಲೇ ಬಂದು ನನ್ನ ದೋಣಿ ಹತ್ರ ಕಾವಲು ಕೂರಬೇಕು ನೀನು, ಕುಡೀದ ಹಾಗೆ. ಆಗುತ್ತಾ?"

ಲಿಯೊಂಟೀನಾ ಇಡೀ ಮೈಯ ಬಲವನ್ನು ನಾಲಿಗೆಗೆ ತಂದು, ಆಗುವುದಿಲ್ಲ ಎನ್ನಲು ಬಾಯಿ ತೆರೆದಳು.

"ಆಗ್ಲಿ," ಎಂದಳು.

ಕ್ಯಾರೂಜಿಗೆ ಸಮಾಧಾನವಾಯಿತು. ಮಳೆಯ ಮೊದಲ ಹನಿ ಬಿತ್ತು. ಅವನು ಬೇಲಿ ದಾಟುತ್ತಾ, ಬೆರಳು ಎಣಿಸಿ, ಸಂತೋಷದಿಂದ ತಿರುಗಿ ಕೇಳಿದ:

"ನಂದು ಒಂದಾಯ್ತು, ತಾಯಿ. ನಿಂದು ಎಷ್ಟು?"